ಹೆಣ್ಣು ದನಿಯ ಪ್ರೊಸೆಸರ್

ಮಾರ್ಚ್ 1, ಶುಕ್ರವಾರ

ಲುತಾಯನ ಹೊಸ ಲ್ಯಾಪ್‌ಟಾಪ್ ನೋಡಿ ಬಂದೆ. ನೋಡಬಾರದಿತ್ತು.

ಟೀವಿ ಕಚೇರಿಯ ಬಿರುಂಗಿ ಮೇಡಂ ಇವತ್ತು ನಮ್ಮಿಬ್ಬರನ್ನೂ ಒಟ್ಟಿಗೆ ಕರೆಸಿದ್ದರು. ಕಂಪಾಲದಲ್ಲಿ ವಿಜೆಗಳಿಗೆ ಬರವಿಲ್ಲ, ಬೀದಿಗೊಬ್ಬನಿದ್ದಾನೆ. ಹೊರದೇಶದ ಸಿನಿಮಾ ಹಾಕಿಕೊಂಡು ಗಂಡು, ಹೆಣ್ಣು, ಮಗು, ಮುದುಕ ಎಲ್ಲರ ಮಾತನ್ನೂ ಒಬ್ಬನೇ ಲುಗಾಂಡದಲ್ಲಿ ಆಡಿ, ನಡುನಡುವೆ ತನ್ನ ಕೊಂಕನ್ನೂ ಸೇರಿಸುವ ಕಸುಬು ಇದು. ಬಾಯಿದ್ದವನಿಗೆಲ್ಲ ಬರುತ್ತದೆ ಎಂದು ಬಾಯಿದ್ದವರೆಲ್ಲ ತಿಳಿದಿದ್ದಾರೆ. ಅಷ್ಟು ಜನರಲ್ಲಿ ಮೇಡಂ ಕರೆದದ್ದು ಇಬ್ಬರನ್ನೇ. ಅದರಲ್ಲೊಬ್ಬ ನಾನು ಎಂಬ ಖುಷಿ, ಇನ್ನೊಬ್ಬ ಲುತಾಯ ಎಂದು ಗೊತ್ತಾದಾಗ ಅರ್ಧ ಇಳಿಯಿತು.

ದಕ್ಷಿಣ ಅಮೆರಿಕದ ಯಾವುದೋ ಧಾರಾವಾಹಿ, ವರ್ಷವಿಡೀ ಓಡುವಂಥದ್ದು. ಬೆಳಿಗ್ಗೆ ಕಂತು ಕಳಿಸುತ್ತಾರೆ. ಸಂಜೆ ಐದರೊಳಗೆ ಮಾತು ಕೂಡಿಸಿ ವಾಪಸು ಕೊಡಬೇಕು. ಬರುವ ವಾರ ಲುತಾಯನದು, ಅದರ ಮುಂದಿನ ವಾರ ನನ್ನದು. ಯಾರದು ಜನಕ್ಕೆ ಹಿಡಿಸುತ್ತದೋ ಅವರಿಗೆ ಇಡೀ ಧಾರಾವಾಹಿ. ಸಿಕ್ಕರೆ ವರ್ಷದ ಅನ್ನ ಸಿಕ್ಕ ಹಾಗೆ, ಅವಳಿ ಮಕ್ಕಳ ಬೋರ್ಡಿಂಗ್ ಶಾಲೆಯ ಚಿಂತೆಯೂ ತೀರಿದ ಹಾಗೆ. ಸಿಗದಿದ್ದರೆ ಹಳೆಯ ಹೊಡೆದಾಟದ ಸಿನಿಮಾಗಳಿಗೆ ಕೂಗಿಕೊಂಡು ಗಂಟಲು ಹರಿದುಕೊಳ್ಳುವುದು ಇದ್ದೇ ಇದೆ.

ಹೊರಗೆ ಬಂದ ಮೇಲೆ ಲುತಾಯ ನನ್ನ ಹೆಗಲ ಮೇಲೆ ಕೈ ಹಾಕಿದ. “ಬಾರಯ್ಯ ಸಾಲೊಂಗೊ, ಚಹಾ ಕುಡಿದು ಹೋಗು,” ಎಂದ. ಅವಳಿ ಮಕ್ಕಳ ಅಮ್ಮ ಎಂದು ನನ್ನ ಹೆಂಡತಿಯನ್ನು ನಾಲೊಂಗೊ, ಅಪ್ಪ ಎಂದು ನನ್ನನ್ನು ಸಾಲೊಂಗೊ ಎಂದು ಊರೆಲ್ಲ ಗೌರವದಿಂದ ಕರೆಯುತ್ತದೆ. ಇವನ ಬಾಯಲ್ಲಿ ಅದೂ ಕೀಟಲೆಯಂತೆ ಕೇಳುತ್ತದೆ.

ಚಹಾ ನೆಪ. ಮನೆಗೆ ಕರೆದೊಯ್ದು ತೋರಿಸಿದ್ದು ಯಂತ್ರವನ್ನು. “ಅನ್ನ ಕುದಿಯೋದ್ರೊಳಗೆ ಕಂತು ತಯಾರಾಗಿ ಹೊರಗೆ ಬರತ್ತೆ ನೋಡು. ಒಂಬತ್ತು ಕಣಯ್ಯ ಇದು. ಪ್ರೊಸೆಸರ್‌ನಲ್ಲಿ ಐದು, ಏಳು, ಒಂಬತ್ತು ಅಂತ ಬರತ್ತಲ್ಲ, ಮೇಲಿನದು. ನಿನ್ನ ಆ ಮುದುಕ ಇನ್ನೂ ಉಸಿರಾಡ್ತಿದ್ದಾನಾ?”

ನನ್ನ ಹಳೆಯ ಲ್ಯಾಪ್‌ಟಾಪ್ ಉಸಿರಾಡುತ್ತಿದೆ, ಅಷ್ಟೇ. ಒಂದು ಕಂತನ್ನು ಮಧ್ಯಾಹ್ನ ಕೊಟ್ಟರೆ ಚಿತ್ರಕ್ಕೆ ಮಾತು ಬೆಸೆದು ಮಾರನೆಯ ಬೆಳಿಗ್ಗೆ ಮುಗಿಸುತ್ತದೆ. ಐದು ಗಂಟೆಯ ಗಡುವು ಅದಕ್ಕೆ ಆಗದ ಮಾತು.

ಲುತಾಯನ ಕೋಣೆಯಲ್ಲಿ ಮಾತಾಡುವವನು ಗಾಜಿನ ಈಚೆ, ಯಂತ್ರ ಮತ್ತು ಅದನ್ನು ನಡೆಸುವ ಆಳು ಗಾಜಿನ ಆಚೆ. ತಣ್ಣನೆಯ ಗಾಳಿ ಬೇರೆ. ಬರೀ ದೊಡ್ಡಸ್ತಿಕೆ. ಚಹಾಕ್ಕೆ ಸಕ್ಕರೆ ಮಾತ್ರ ಕಡಿಮೆ ಹಾಕಿದ್ದ.

ಮಾರ್ಚ್ 5, ಮಂಗಳವಾರ

ನಬ್ಬೋಸ ನಕ್ಕಳು. ನನ್ನ ಹೆಂಡತಿ, ನನ್ನ ಮನೆಯಲ್ಲಿ, ನನ್ನ ಟೀವಿಯ ಮುಂದೆ, ಲುತಾಯನ ಮಾತಿಗೆ.

ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಮದುವೆಯ ಗೊಮೆಸಿಗೆ ತೋಳು ಹೊಲಿಯುತ್ತಿದ್ದಳು. ಧಾರಾವಾಹಿಯಲ್ಲಿ ಶ್ರೀಮಂತ ಗಂಡು ಮಂಡಿಯೂರಿ ಉಂಗುರ ಹಿಡಿದ. ಲುತಾಯ ಅವನ ಬಾಯಲ್ಲಿ, “ಬೇಗ ಹೂಂ ಅನ್ನು ಹೆಣ್ಣೇ, ಹೊರಗೆ ಬಾಡಿಗೆ ಬೋಡಾ ಬೈಕಿನವನು ನಿಂತಿದ್ದಾನೆ, ಹೊತ್ತಾದಷ್ಟೂ ಜಾಸ್ತಿ ಕೇಳ್ತಾನೆ,” ಎಂದು ಹೇಳಿಸಿದ. ನಬ್ಬೋಸಳ ಬಾಯಲ್ಲಿದ್ದ ಗುಂಡುಪಿನ್ನುಗಳು ನೆಲಕ್ಕೆ ಬಿದ್ದವು.

“ಅದರಲ್ಲಿ ನಗೋಕೆ ಏನಿದೆ?” ಎಂದೆ.

“ನಗು ಬಂತು, ನಕ್ಕೆ. ನಿಮ್ಮನ್ನ ಕೇಳಿ ಬರತ್ತಾ ಅದು?”

ಲುತಾಯ ಧಾರಾವಾಹಿಯ ಮಗನಿಗೆ ಬೋಸ್ಕೊ ಎಂದೂ ಅವನ ಮುದಿ ತಾಯಿಗೆ ಮಾಮಾ ಬೋಸ್ಕೊ, ಅಂದರೆ ಬೋಸ್ಕೊನ ಅಮ್ಮ, ಎಂದೂ ಹೆಸರಿಟ್ಟಿದ್ದಾನೆ. ಹೊರದೇಶದ ಹೆಸರು ನಮ್ಮವರ ನಾಲಿಗೆಗೆ ಹತ್ತುವುದಿಲ್ಲ, ಇಡಬೇಕಾದ್ದೇ. ಆದರೆ ಒಳ್ಳೆಯ ಹೆಸರನ್ನು ಅವನೇ ಇಟ್ಟುಬಿಟ್ಟ, ನನ್ನ ವಾರದಲ್ಲಿ ನಾನೂ ಅದನ್ನೇ ಹೇಳಬೇಕು. ಎಂಜಲು ಊಟ.

ಮಾರ್ಚ್ 8, ಶುಕ್ರವಾರ

ಇವತ್ತು ನಬ್ಬೋಸಳ ನಿಗೀನ. ಅವಳ ಗುಂಪಿನ ಹೆಂಗಸರೆಲ್ಲ ಒಂದೇ ಬಣ್ಣದ ಬಟ್ಟೆ ತೊಟ್ಟು, ಕುಣಿಯುತ್ತ ಹಾಡುತ್ತ ಬಂದು, ಎಲ್ಲರೂ ದುಡ್ಡು ಕೂಡಿಸಿ, ಸರದಿ ಯಾರದೋ ಅವರ ಮಡಿಲು ತುಂಬಿಸಿ ಹೋಗುತ್ತಾರೆ. ಇವಳು ಈ ಸರದಿಗಾಗಿ ಬಹಳ ಕಾಲದಿಂದ ಕಾದಿದ್ದಳು. ಬಟ್ಟೆಯ ಅಂಚು ಲಾಕ್ ಮಾಡುವ ಯಂತ್ರ ಕೊಳ್ಳಬೇಕು, ಆಮೇಲೆ ಅಂಚಿಗೆಂದು ಬೇರೆ ಅಂಗಡಿಗೆ ಅಲೆಯುವುದು ತಪ್ಪುತ್ತದೆ ಎನ್ನುತ್ತಿದ್ದಳು.

ಹೆಂಗಸರು ಹೋದ ಮೇಲೆ ಗಂಟನ್ನು ತಂದು ನನ್ನ ಮುಂದೆ ಇಟ್ಟಳು. “ಲ್ಯಾಪ್‌ಟಾಪ್ ತಗೊಳ್ಳಿ. ನನ್ನದು ಮುಂದಿನ ಸುತ್ತಿಗೆ ನೋಡೋಣ.”

ನಾನು ಬೇಡ ಎನ್ನಬೇಕಿತ್ತು. ಎಂದೆ ಕೂಡ. ಸ್ವಲ್ಪ ಮೆತ್ತಗೆ ಎಂದೆ.

ಮಾರ್ಚ್ 9, ಶನಿವಾರ

ಕಂಪಾಲ ರಸ್ತೆಗೆ ಇಬ್ಬರೂ ಹೋದೆವು. ಅಂಗಡಿಯ ಕತೊಂಗೊಲೆ ನನಗೆ ಹಳೆಯ ಪರಿಚಯ, ಮಾತಿನ ಮಲ್ಲ, ಇನ್ನೊಂದು ಜನ್ಮದಲ್ಲಿ ವಿಜೆ ಆಗಬಹುದು.

“ಪ್ರೊಸೆಸರ್ ನೋಡೋವಾಗ ಅಂಕಿ ಒಂದೇ ನೋಡ್ಬೇಡಿ ಸಾಲೊಂಗೊ,” ಎಂದ. “ಅಂಕಿ ಕೊನೇಲಿ ಬಾಲ ಇರತ್ತೆ, ಅದನ್ನೂ ನೋಡಿ. ಯು ಅಂತಿದ್ರೆ ಮಿತವಾಗಿ ತಿನ್ನೋದು, ತಣ್ಣಗಿರತ್ತೆ. ಎಚ್ ಅಂತಿದ್ರೆ ಹೊಟ್ಟೆಬಾಕ. ಎಚ್ ಪಕ್ಕ ಎಕ್ಸ್ ಇತ್ತು ಅಂದ್ರೆ ಮುಗೀತು, ಬಡಿಸ್ತಾನೇ ಇರ್ಬೇಕು. ಕೆಲಸ ಮಾತ್ರ ರಾಕ್ಷಸನ ಥರ ಮಾಡತ್ತೆ.”

ನಬ್ಬೋಸ ಏಳರ ಒಂದನ್ನು ಹಿಡಿದು ತಿರುಗಿಸಿ ನೋಡುತ್ತಿದ್ದಳು, ಬಾಲದಲ್ಲಿ ಯು. “ಇದು ಒಂದು ಕಂತು ಮುಗಿಸೋಕೆ ಎಷ್ಟು ಹೊತ್ತು ತಗೊಳ್ಳತ್ತೆ?”

“ಮಧ್ಯಾಹ್ನ ಊಟಕ್ಕೆ ಕೂರೋವಾಗ ಕೊಡಿ ನಾಲೊಂಗೊ, ಊಟ ಮುಗಿಸಿ ಪಾತ್ರೆ ತೊಳೆಯೋ ಹೊತ್ತಿಗೆ ಆಗಿರತ್ತೆ.”

“ಐದಕ್ಕೆ ತಾನೇ ಕೊಡಬೇಕಾದ್ದು,” ಎಂದು ಇವಳು ನನ್ನ ಕಡೆ ತಿರುಗಿದಳು. “ಸಾಕಲ್ಲ?”

ಸಾಕು. ನನಗೂ ಗೊತ್ತಿತ್ತು, ಸಾಕು. ಆದರೆ ಊಟ ಮುಗಿಯುವುದು ಬೇರೆ, ಅನ್ನ ಕುದಿಯುವುದು ಬೇರೆ. “ಲುತಾಯ ತಗೊಂಡದ್ದು ಯಾವುದು?” ಎಂದು ಕತೊಂಗೊಲೆಯನ್ನು ಕೇಳಿದೆ.

“ಒಂಬತ್ತು. ಬಾಲ ಎಚ್.”

“ಅದರ ಮೇಲಿನದು ತೋರಿಸು.”

ತಂದಿಟ್ಟ. ಒಂಬತ್ತು, ಎಚ್, ಎಕ್ಸ್. ಕೋರ್‌ಗಳನ್ನು ಎಣಿಸಿ ಹೇಳಿದ, ನಾನು ಎಣಿಕೆ ಕೇಳಲಿಲ್ಲ, ಲುತಾಯನದಕ್ಕಿಂತ ಹೆಚ್ಚೋ ಕಡಿಮೆಯೋ ಎಂದಷ್ಟೇ ಕೇಳಿದೆ. ಹೆಚ್ಚು. ನಬ್ಬೋಸ ಅದರ ಪಕ್ಕೆಯ ಸೀಳಿನ ಹತ್ತಿರ ಕೈ ಹಿಡಿದು, “ಇಸ್ತ್ರಿ ಪೆಟ್ಟಿಗೆ ಥರ ಉಸಿರು ಬಿಡ್ತಿದೆ ಕಣ್ರೀ,” ಎಂದಳು. ಹೊರಗೆ ಟ್ಯಾಕ್ಸಿಗಳ ಹಾರನ್ನು, ಎದುರು ಮೂಲೆಯಲ್ಲಿ ಮೈಕು ಹಿಡಿದು ಲೋಕದ ಕೊನೆ ಸಾರುತ್ತಿದ್ದ ಪಾದ್ರಿ. ಆ ಗದ್ದಲದಲ್ಲಿ ಯಂತ್ರ ಉಸಿರು ಬಿಟ್ಟರೂ ಗೊತ್ತಿಲ್ಲ, ಹಾಡಿದರೂ ಗೊತ್ತಿಲ್ಲ.

ಕೊಂಡೆ. ದಾರಿಯಲ್ಲಿ ಅವಳು, “ನಮ್ಮ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಅಂತ ನೋಡಿದ್ರಾ, ಅವನ ಹತ್ರ ಎಷ್ಟಿದೆಯೋ ಅದಕ್ಕಿಂತ ಒಂದು ಮೇಲೆ ಅಂತ ನೋಡಿದ್ರಾ?” ಎಂದು ಕೇಳಿದಳು. ಹೆಂಗಸರಿಗೆ ಪ್ರೊಸೆಸರ್ ವಿಷಯ ಅರ್ಥವಾಗುವುದಿಲ್ಲ.

ಮಾರ್ಚ್ 10, ಭಾನುವಾರ

ಹಳೆಯ ಸಿನಿಮಾವೊಂದನ್ನು ಕೊಟ್ಟು ನೋಡಿದೆ. ನಬ್ಬೋಸ ಒಲೆಯ ಮೇಲೆ ಅನ್ನಕ್ಕಿಟ್ಟಿದ್ದಳು. ನೀರು ಮರಳುವ ಮೊದಲೇ ಯಂತ್ರ ಕೆಲಸ ಮುಗಿಸಿತು. ಲುತಾಯನಿಗೆ ಫೋನ್ ಮಾಡಿ ಚರ್ಚಿಗೆ ಹೋಗಿದ್ದೆಯಾ ಎಂದು ವಿಚಾರಿಸಿ, ಮಾತಿನ ನಡುವೆ ಅದನ್ನೂ ಹೇಳಿದೆ. ಅವನು ಏನೋ ಕೆಲಸವಿದೆ ಎಂದು ಫೋನಿಟ್ಟ. ಎಷ್ಟೋ ದಿನದ ಮೇಲೆ ಊಟ ರುಚಿಸಿತು.

ಮಾರ್ಚ್ 11, ಸೋಮವಾರ

ಹಾಳಾಗಿ ಹೋಗಲಿ ಈ ಯಂತ್ರ.

ಮನೆಯ ಮೂಲೆಯಲ್ಲಿ ಪ್ಲೈವುಡ್ ಹೊಡೆದು ಒಳಗೆಲ್ಲ ಹಳೆಯ ಹಾಸಿಗೆ ಮೆತ್ತಿದ ಗೂಡು, ಅದೇ ನನ್ನ ಸ್ಟುಡಿಯೊ. ಬಾಗಿಲು ಹಾಕಿದರೆ ಬೀದಿಯ ಶಬ್ದ ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಒಳಗೆ ನಾನು, ಮೈಕು, ತೊಡೆಯ ಮೇಲೆ ಲ್ಯಾಪ್‌ಟಾಪ್. ನಾನು ದನಿ ಹಿಡಿಯುವಾಗ ನಬ್ಬೋಸ ಹೊರಗೆ ಹೊಲಿಗೆ ಯಂತ್ರ ನಿಲ್ಲಿಸಿ ಕಾಯುತ್ತಾಳೆ. ಹೀಗೇ ನಡೆದುಕೊಂಡು ಬಂದಿದೆ.

ಇವತ್ತು ಹೊಲಿಗೆ ಯಂತ್ರ ನಿಂತಿತು, ಲ್ಯಾಪ್‌ಟಾಪ್ ನಿಲ್ಲಲಿಲ್ಲ. ಆ ಸೆಕೆಯಲ್ಲಿ ಪ್ರೊಸೆಸರ್ ಕಾದು, ಅದನ್ನು ತಣ್ಣಗೆ ಮಾಡಲು ಒಳಗಿನ ಫ್ಯಾನು ಲಾರಿಯ ಹಾಗೆ ಮೊರೆಯಿತು. ಮೊರೆತವೆಲ್ಲ ಮೈಕಿಗೆ. ಮಾಮಾ ಬೋಸ್ಕೊ ಅರಮನೆಯಂಥ ಹಜಾರದಲ್ಲಿ ಕೂತು ಗುಟ್ಟು ಹೇಳುತ್ತಿದ್ದಾಳೆ, ಹಿಂದೆ ಮೊರೆತ. ಗಂಟೆ ನೋಡಿದೆ, ಬೇರೆ ದಾರಿ ಇರಲಿಲ್ಲ. ಬಾಯಿ ತನ್ನಷ್ಟಕ್ಕೆ ಓಡಿತು:

“ನೋಡ್ರಪ್ಪ, ಮಾಮಾ ಬೋಸ್ಕೊ ಮನೆ ಪಕ್ಕ ಹೊಸದಾಗಿ ಮೆಕ್ಕೆಜೋಳದ ಗಿರಣಿ ಬಂದಿದೆ. ಪಾಪ, ಇಷ್ಟು ಶ್ರೀಮಂತೆ, ಹಿಟ್ಟಿನ ಧೂಳಲ್ಲಿ ಗುಟ್ಟು ಹೇಳಬೇಕಾಗಿದೆ.”

ಸಂಜೆ ಬೀದಿಯಲ್ಲಿ ಹುಡುಗಿಯರು ಗಿರಣಿ ಗಿರಣಿ ಎಂದು ನಗುತ್ತಿದ್ದರು. ಬದುಕಿದೆ. ಬಾಯಿ ಬದುಕಿಸಿತು, ಒಂಬತ್ತು ಬದುಕಿಸಲಿಲ್ಲ.

ಮಾರ್ಚ್ 12, ಮಂಗಳವಾರ

ಫ್ಯಾನು ಸುಮ್ಮನಿರುವಂತೆ ಮಾಡುವ ಒಂದು ಗುಂಡಿ ಇದೆ. ಒತ್ತಿದೆ. ಫ್ಯಾನು ಸುಮ್ಮನಾಯಿತು, ಪ್ರೊಸೆಸರೂ ಮುನಿಸಿಕೊಂಡು ಮಲಗಿತು, ಚಿತ್ರ ನಿಂತು ನಿಂತು ಓಡಿತು. ಮತ್ತೆ ಗಿರಣಿಯೇ ಗತಿ. ಆದರೆ ಇವತ್ತಿನ ಕಥೆ ನಡೆದದ್ದು ಚರ್ಚಿನ ಒಳಗೆ. ಗಿರಣಿಯವನು ದೇವರಿಗೂ ಹೆದರುವುದಿಲ್ಲ ಎಂದೆ. ಬಿರುಂಗಿ ಮೇಡಂ ಸಂದೇಶ ಕಳಿಸಿದರು: ಗಿರಣಿ ಸಾಕು.

ಮಾರ್ಚ್ 13, ಬುಧವಾರ

ಬೆಳಿಗ್ಗೆಯೇ ಲುತಾಯನ ಫೋನು. “ಸಾಲೊಂಗೊ, ಗಿರಣಿ ಚೆನ್ನಾಗಿ ಓಡ್ತಿದೆಯಂತೆ? ನಮ್ಮನೇಲೂ ಒಂದು ಮೂಟೆ ಜೋಳ ಇದೆ, ಕಳಿಸ್ಲಾ?”

ಫೋನಿಟ್ಟೆ.  ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡಿತು ಎಂಬ ಮಾತು ನೆನಪಾಯಿತು. ನೆನಪಾದದ್ದು ನನಗೆ, ಆದರೆ ಬಾಯಿಬಿಟ್ಟು ಹೇಳಿದವಳು ನಬ್ಬೋಸ.

“ಅವನ ಮನೇಲಿ ಯಂತ್ರ ಗಾಜಿನ ಆಚೆ ಇರತ್ತೆ ಅಂತ ನೀವೇ ಬೈಕೊಂಡು ಬಂದ್ರಲ್ಲ. ನಾವೂ ಆಚೆ ಇಡೋಣ. ಪ್ಲೈವುಡ್‌ಗೆ ತೂತು ಹೊಡೀರಿ, ವಯರ್ ಹೋಗೋಷ್ಟು. ಯಂತ್ರ ನನ್ನ ಮೇಜಿನ ಮೇಲಿರಲಿ. ಹೇಗೂ ನೀವು ಒಳಗೆ ಹೋದ್ರೆ ನಾನು ಕೈಕಟ್ಟಿ ಕೂರೋದೇ ತಾನೆ.”

“ಚಿತ್ರ ಕಾಣದೆ ಮಾತಾಡೋದು ಹೇಗೆ?”

“ನಾನು ನೋಡಿ ಹೇಳ್ತೀನಿ.”

ಮೊದಲು ಫೋನಿನಲ್ಲಿ ಅದೇ ಕಂತು ಹಾಕಿಕೊಂಡು ಒಳಗೆ ಕೂತು ನೋಡಿದೆ. ಚಿತ್ರ ಒಂದು ಕಡೆ, ಮಾತು ಒಂದು ಕಡೆ. ಮಾಮಾ ಬೋಸ್ಕೊ ನೀರು ಕುಡಿಯುವಾಗ ಬೈದಳು. ಕೊನೆಗೆ ನಬ್ಬೋಸ ಹೇಳಿದ ಹಾಗೇ ಆಯಿತು. ಚಿತ್ರದ ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ನಬ್ಬೋಸ ಓದಿಕೊಂಡು ತೂತಿನಿಂದ ಹೇಳುವುದು, ಆಮೇಲೆ ಗುಂಡಿ ಒತ್ತುವುದು, ನಾನು ಆಡುವುದು. ಯಾವಾಗ ಶುರು, ಯಾವಾಗ ನಿಲ್ಲಿಸು ಎನ್ನಲು ತೂತಿನಲ್ಲಿ ಹೊಲಿಗೆಯ ದಾರ ತೂರಿಸಿ ನನ್ನ ಬೆರಳಿಗೆ ಕಟ್ಟಿದ್ದಾಳೆ. ಎಳೆದರೆ ಆಡಬೇಕು, ಮತ್ತೆ ಎಳೆದರೆ ಬಾಯಿ ಮುಚ್ಚಬೇಕು. ಈ ಏರ್ಪಾಡು ಅವಳಿಗೆ ಬಹಳ ಹಿಡಿಸಿದಂತಿದೆ.

ಮಾರ್ಚ್ 14, ಗುರುವಾರ

ಮೊರೆತವಿಲ್ಲದ ಕಂತು. ಐದಕ್ಕೆ ಮೊದಲೇ ಕಳಿಸಿಯಾಯಿತು. ಸಂತೋಷಪಡಬೇಕಾದ ದಿನ.

ಆದರೆ ನಬ್ಬೋಸ ಚಿತ್ರ ಹೇಳುವುದಷ್ಟೇ ಅಲ್ಲ, ತಿದ್ದುತ್ತಾಳೆ. ಇಂಗ್ಲಿಷಿನಲ್ಲಿ ತಾಯಿ ಮಗಳಿಗೆ, ನಿನ್ನ ನಡತೆ ನನಗೆ ನೋವು ತಂದಿದೆ ಎನ್ನುತ್ತಾಳೆ. ನಾನು ಹಾಗೇ ಹೇಳಹೊರಟೆ. ದಾರ ಜಗ್ಗಿತು. ತೂತಿನಿಂದ ದನಿ: “ಯಾವ ತಾಯಿ ಹಾಗೆ ಮಾತಾಡ್ತಾಳೆ? ‘ಬಾ, ನಿನ್ನ ಅಪ್ಪನ ಮುಂದೇನೂ ಇದೇ ಮುಖ ಇಟ್ಕೊಂಡು ನಿಂತ್ಕೋ, ನೋಡೋಣ’ ಅನ್ನಿ.”

ಅಂದೆ. ಹೊತ್ತಿರಲಿಲ್ಲ, ಅದಕ್ಕೆ ಅಂದೆ.

ಸಂಜೆ ನಾವೆಲ್ಲ ಕುಡಿಯುತ್ತ ಟೀವಿ ನೋಡುವ ಹಂದಿಮಾಂಸದ ಅಂಗಡಿಯಲ್ಲಿ ಒಬ್ಬ ಅದೇ ಮಾತನ್ನು ತನ್ನ ಗೆಳೆಯನಿಗೆ ಹೇಳಿ ನಗುತ್ತಿದ್ದ. ನನ್ನ ಬೆನ್ನು ತಟ್ಟಿದರು. ತಟ್ಟಿಸಿಕೊಂಡೆ. ನಾನೇ ಕಟ್ಟಿದ ಬೇರೆ ನಗೆಮಾತುಗಳೂ ಕಂತಿನಲ್ಲಿದ್ದವು, ಅವುಗಳ ಸುದ್ದಿ ಯಾರೂ ಎತ್ತಲಿಲ್ಲ.

ಮಾರ್ಚ್ 15, ಶುಕ್ರವಾರ

ಇವತ್ತಿನ ಕಂತು ಮಾಮಾ ಬೋಸ್ಕೊಳ ಸಾವು. ಮನೆಬಿಟ್ಟು ಹೋಗಿದ್ದ ಮಗ ಬೋಸ್ಕೊ ಕೊನೆಯ ಗಳಿಗೆಗೆ ಬಂದು ಮಂಚದ ಪಕ್ಕ ಕೂರುತ್ತಾನೆ. ತಾಯಿ, ನಿನ್ನನ್ನು ಕ್ಷಮಿಸಿದ್ದೇನೆ ಮಗನೇ ಎಂದು ಹೇಳಿ ಕಣ್ಣು ಮುಚ್ಚುತ್ತಾಳೆ.

ನಾನು ನನ್ನ ಮುದುಕಿಯ ದನಿ ತೆಗೆದೆ. ಆ ದನಿಗೆ ವಿಡಿಯೊ ಸಿನಿಮಾ ತೋರಿಸುವ ಕೋಣೆಗಳಲ್ಲಿ ಯಾವಾಗಲೂ ನಗು ಬರುತ್ತದೆ, ಅದೇ ಅದರ ಗುಣ. ದಾರ ಜಗ್ಗಿತು. ಇನ್ನೊಮ್ಮೆ ಆಡಿದೆ. ಮತ್ತೆ ಜಗ್ಗಿತು. “ಸಾಯ್ತಿರೋಳು ಅವಳು, ಕೋಳಿ ಮಾರ್ತಿರೋಳಲ್ಲ,” ಎಂದಳು. ಮತ್ತೆ ಆಡಿದೆ, ಈ ಸಲ ನಿಧಾನವಾಗಿ, ಇನ್ನೂ ಕೆಟ್ಟದಾಗಿ. ಹೊತ್ತು ಹೋಗುತ್ತಿತ್ತು.

ಬಾಗಿಲು ತೆರೆಯಿತು. ನಬ್ಬೋಸ ನನ್ನ ಬೆರಳಿನ ದಾರ ಬಿಚ್ಚಿ ತನ್ನ ಬೆರಳಿಗೆ ಸುತ್ತಿಕೊಂಡಳು. “ಆಚೆ ಹೋಗಿ. ಅವನು ಕೈ ಹಿಡಿದಾಗ ಎಳೀರಿ.”

ನಾನು ಅವಳ ಸ್ಟೂಲಿನ ಮೇಲೆ ಕೂತೆ. ಮೊರೆಯುವ ಯಂತ್ರ, ಕಿವಿಗೆ ಹೆಡ್‌ಫೋನ್. ತೆರೆಯ ಮೇಲೆ ಬೋಸ್ಕೊ ತಾಯಿಯ ಕೈ ಹಿಡಿದ. ದಾರ ಎಳೆದೆ.

ಕೆಳಗಿನ ಇಂಗ್ಲಿಷ್ ಸಾಲಿನಲ್ಲಿದ್ದದ್ದು ಕ್ಷಮೆ. ಇವಳು ಅದನ್ನು ಮುಟ್ಟಲಿಲ್ಲ. “ಬೋಸ್ಕೊ, ಊಟ ಮಾಡಿದ್ಯಾ?” ಎಂದಳು. ಸ್ವಲ್ಪ ತಡೆದು, “ಮಾಡಿಲ್ಲ. ಮುಖ ನೋಡಿದ್ರೆ ಗೊತ್ತಾಗತ್ತೆ. ಮತೋಕೆ ಬಾಳೆಲೇಲಿ ಮುಚ್ಚಿಟ್ಟಿದೀನಿ, ಇನ್ನೂ ಬಿಸಿ ಇರತ್ತೆ. ಹೋಗು, ತಿನ್ನು. ನಾನೆಲ್ಲಿ ಹೋಗ್ತೀನಿ, ಇಲ್ಲೇ ಇರ್ತೀನಿ.”

ಅಷ್ಟೇ. ಮುದುಕಿ ಕಣ್ಣು ಮುಚ್ಚಿದಳು. ನಾನು ದಾರ ಎಳೆಯುವುದನ್ನು ಮರೆತು ಕೂತಿದ್ದೆ. ಒಳಗಿನಿಂದ ಅವಳೇ, “ಮುಗೀತೇನ್ರೀ?” ಎಂದು ಕೇಳಿದಳು.

ಕಳಿಸಿದೆ. ಹೊತ್ತಾಗಿತ್ತು, ಬೇರೆ ದಾರಿ ಇರಲಿಲ್ಲ.

ಮಾರ್ಚ್ 16, ಶನಿವಾರ

ಬೀದಿಗೆ ಇಳಿಯುವ ಹಾಗಿಲ್ಲ. ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಆ ತಾಯಿ ಯಾರು? ಹಂದಿಮಾಂಸದ ಅಂಗಡಿಯಲ್ಲಿ ನಿನ್ನೆ ಟೀವಿಯ ಮುಂದೆ ಯಾರೂ ಬಾಟಲಿ ಎತ್ತಲಿಲ್ಲವಂತೆ. ಮಾಲೀಕನಂತೂ ಎದ್ದು ಹೋಗಿ ಹಳ್ಳಿಯಲ್ಲಿರುವ ತಾಯಿಗೆ ಫೋನ್ ಮಾಡಿದನಂತೆ.

ಎಷ್ಟು ವರ್ಷದಿಂದ ಕೂಗಿದ್ದೇನೆ ನಾನು. ಬಂದೂಕಿನ ಸದ್ದು, ಹೆಲಿಕಾಪ್ಟರ್, ನಾಯಿ, ಪ್ರಧಾನಮಂತ್ರಿ, ಎಲ್ಲವನ್ನೂ ಈ ಒಂದು ಗಂಟಲಿನಿಂದ ತೆಗೆದಿದ್ದೇನೆ. ಯಾರೂ ಎದ್ದು ಹೋಗಿ ತಾಯಿಗೆ ಫೋನ್ ಮಾಡಿರಲಿಲ್ಲ. ಇವಳು ಒಂದು ಸಲ ಒಳಗೆ ಹೋಗಿ ಊಟ ಮಾಡಿದ್ಯಾ ಎಂದಳು, ಊರು ಅತ್ತಿತು.  ಲುತಾಯನ ಮೇಲೂ ನನಗೆ ಇಷ್ಟು ಹೊಟ್ಟೆಕಿಚ್ಚು ಬಂದಿರಲಿಲ್ಲ.

“ಯಾರಯ್ಯ ಅದು, ಹೇಳು,” ಎಂದು ಅಂಗಡಿಯ ಮಾಲೀಕ ಮತ್ತೆ ಕೇಳಿದ.

“ಹೊಸ ಪ್ರೊಸೆಸರ್ ಕಣಯ್ಯ,” ಎಂದೆ. “ಒಂಬತ್ತು, ಎಚ್, ಎಕ್ಸ್. ನನ್ನ ದನೀನೇ ಹೆಣ್ಣು ದನಿ ಮಾಡಿಬಿಡತ್ತೆ.”

ಎಲ್ಲರೂ ತಲೆದೂಗಿದರು. ಬಾಯಿಂದ ಹೊರಬಿದ್ದದ್ದು ಅದು. ವಾಪಸು ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಮಾರ್ಚ್ 18, ಸೋಮವಾರ

ಕತೊಂಗೊಲೆ ಅಂಗಡಿಯಿಂದ ಫೋನ್ ಮಾಡಿದ. “ಏನ್ ಹೇಳಿಬಿಟ್ರಿ ಸಾಲೊಂಗೊ? ಬೆಳಿಗ್ಗೆಯಿಂದ ವಿಜೆಗಳು ಬಂದು ಹೆಣ್ಣು ದನಿಯ ಪ್ರೊಸೆಸರ್ ಕೊಡು ಅಂತಿದ್ದಾರೆ. ಲುತಾಯಾನೂ ಬಂದಿದ್ದ. ತನ್ನದನ್ನ ವಾಪಸು ತಗೊಂಡು ನಿಮ್ಮದರಂಥದ್ದು ಕೊಡಬೇಕಂತೆ.”

ಲುತಾಯ ನನ್ನನ್ನು ನೋಡಿ ಹೊಟ್ಟೆ ಉರಿದುಕೊಳ್ಳುವ ದಿನ ಬರಲಿ ಎಂದು ಎಷ್ಟು ಬೇಡಿಕೊಂಡಿದ್ದೆ. ಬಂತು. ಅಷ್ಟೇನೂ ರುಚಿಸಲಿಲ್ಲ. ಅವನಿಗೆ ಅವನದೇ ಸಾಕು, ಬದಲಾಯಿಸುವುದು ಬೇಡ ಎಂದು ಹೇಳಿ ಕಳಿಸು ಎಂದೆ.

ಮಾರ್ಚ್ 19, ಮಂಗಳವಾರ

ಧಾರಾವಾಹಿ ನನ್ನದಾಯಿತು. ಬರೆದಿಡುತ್ತಿದ್ದೇನೆ, ಖುಷಿಯಿಂದಲ್ಲ.

ಬಿರುಂಗಿ ಮೇಡಂ ಯಂತ್ರವನ್ನೂ ತರಲು ಹೇಳಿದ್ದರು. ಅದರ ಚಾರ್ಜರೇ ಒಂದು ಇಟ್ಟಿಗೆಯಷ್ಟಿದೆ, ಹೊರಲು ನಬ್ಬೋಸ ಜೊತೆಗೆ ಬಂದಳು. ಒಳ್ಳೆಯ ಗೊಮೆಸಿ ಉಟ್ಟು ಕೋಣೆಯ ಮೂಲೆಯ ಕುರ್ಚಿಯಲ್ಲಿ ಚಾರ್ಜರನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಮೇಡಂ ಹೇಳಿದರು: “ಗಿರಣಿ ಎಲ್ಲ ಮರೆತುಬಿಡೋಣ. ಶುಕ್ರವಾರದ್ದು ಬೇಕು ನನಗೆ. ಈ ವಾರ ಹಳೇ ಕಂತುಗಳನ್ನೇ ತಿರುಗಿ ಹಾಕ್ತೀವಿ. ಮಾಮಾ ಬೋಸ್ಕೊ ಸತ್ತಿದ್ದಾಳೆ ನಿಜ, ಆದ್ರೆ ಮುಂದಿನ ವಾರ ಅವಳ ತಂಗಿ ಬರ್ತಾಳೆ, ಅದೇ ಮುಖ. ಹೆಂಗಸರ ಮಾತೆಲ್ಲ ಆ ದನೀಲೇ ಬರಬೇಕು. ಅದು ಯಂತ್ರದ ದನಿಯಂತೆ, ಹೌದಾ?”

ಆಗ ಹೇಳಿಬಿಡಬಹುದಿತ್ತು. ಮೂಲೆಯ ಕಡೆ ನೋಡದೆ, “ಹೌದು ಮೇಡಂ,” ಎಂದೆ.

ಅವರು ನಬ್ಬೋಸಳ ಕಡೆ ತಿರುಗಿದರು. “ನೀವೂ ಈ ಕೆಲಸದಲ್ಲಿದ್ದೀರಾ ನಾಲೊಂಗೊ?”

“ಇಲ್ಲ ಮೇಡಂ,” ಎಂದಳು ನಬ್ಬೋಸ. “ಎಲ್ಲ ಯಂತ್ರದ್ದೇ. ನಾನು ಬಟ್ಟೆ ಹೊಲೀತೀನಿ.”

ಸಹಿ ಹಾಕಿದೆ. ಟ್ಯಾಕ್ಸಿಯಲ್ಲಿ ಅವಳು ಚಾರ್ಜರನ್ನು ನನ್ನ ಮಡಿಲಿಗೆ ಹಾಕಿ ಕಿಟಕಿಯ ಕಡೆ ತಿರುಗಿ ಕೂತಳು. ಬೈದಿದ್ದರೆ ಉತ್ತರ ಕೊಡಬಹುದಿತ್ತು.

ಮಾರ್ಚ್ 22, ಶುಕ್ರವಾರ

ಮಾತು ಬಿಟ್ಟಿದ್ದಾಳೆ ಎನ್ನುವ ಹಾಗೂ ಇಲ್ಲ. ಊಟಕ್ಕೆ ಬನ್ನಿ ಎನ್ನುತ್ತಾಳೆ. ಉಪ್ಪು ಸರಿಯಾಗಿದೆಯಾ ಎನ್ನುತ್ತಾಳೆ.

ಮಾರ್ಚ್ 25, ಸೋಮವಾರ

ಬೆಳಿಗ್ಗೆ ಕಂತು ಬಂತು. ಬೋಸ್ಕೊ ತಾಯಿಯ ಸಮಾಧಿಯ ಹತ್ತಿರ ನಿಂತಿದ್ದಾನೆ, ಹಿಂದಿನಿಂದ ಚಿಕ್ಕಮ್ಮ ಬಂದು ಹೆಗಲ ಮೇಲೆ ಕೈಯಿಡುತ್ತಾಳೆ. ಮೊದಲ ಮಾತು ಅವಳದೇ.

ಯಂತ್ರವನ್ನು ಮೇಜಿನ ಮೇಲಿಟ್ಟು, ವಯರನ್ನೂ ದಾರವನ್ನೂ ತೂತಿನಲ್ಲಿ ತೂರಿಸಿ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಹೊರಗೆ ಹೊಲಿಗೆ ಯಂತ್ರ ಟಕಟಕ ಶುರುವಾಯಿತು. ನಾನು ಒಳಗಿರುವಾಗ ಅದು ಓಡಿದ್ದು ಇದೇ ಮೊದಲು. ಕಾದೆ. ನಿಲ್ಲಲಿಲ್ಲ.

ಹೊರಗೆ ಬಂದೆ. “ಸ್ವಲ್ಪ ನಿಲ್ಲಿಸು, ದನಿ ಹಿಡೀಬೇಕು.”

“ನನಗೂ ಕೆಲಸ ಇದೆ. ನಾಡಿದ್ದು ಮದುವೆ.”

“ಚಿಕ್ಕಮ್ಮನ ಮಾತು ನೀನೇ ಆಡಬೇಕು.”

“ನಾನ್ಯಾಕೆ? ಪ್ರೊಸೆಸರ್ ಕೆಟ್ಟಿದೆಯಾ? ಕತೊಂಗೊಲೆ ಹತ್ರ ತಗೊಂಡು ಹೋಗಿ.”

“ನಬ್ಬೋಸ, ಐದಕ್ಕೆ ಕೊಡಬೇಕು. ಕೊಡದಿದ್ರೆ ಹೋಯ್ತು ಎಲ್ಲ.”

ಹೊಲಿಗೆ ಯಂತ್ರ ತುಳಿಯುತ್ತಿದ್ದ ಅವಳ ಕಾಲು ನಿಂತಿತು. “ದನಿ ಕೊಡೋಕೆ ನನಗೇನು ಕಷ್ಟ ಇಲ್ಲ,” ಎಂದಳು. “ನಿಗೀನದ ಗಂಟು ಕೊಡೋವಾಗ ಕಷ್ಟ ಅಂದ್ನಾ? ದನೀನೂ ಕೊಡ್ತೀನಿ. ಆದ್ರೆ ನನ್ನ ದುಡ್ಡಲ್ಲಿ ತಂದ ಯಂತ್ರಕ್ಕೆ ನನ್ನ ದನೀನ ಕಟ್ಟಿಬಿಟ್ರಲ್ಲ, ಅದು ಆಗಲ್ಲ. ಅಷ್ಟು ಹೊಟ್ಟೆ ಉರೀತಾ ನಿಮಗೆ, ನನ್ನ ಮೇಲೆ?”

“ಉರೀತು,” ಎಂದೆ. ಸುಳ್ಳು ಹೇಳಲು ಹೊತ್ತಿರಲಿಲ್ಲ. “ಈಗಲೂ ಉರೀತಿದೆ.”

ಅವಳು ನನ್ನನ್ನು ನೋಡಿದಳು. ನಗುತ್ತಾಳೋ ಅಳುತ್ತಾಳೋ ತಿಳಿಯಲಿಲ್ಲ. ಮೇಜಿನ ಮೇಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ಎತ್ತಿ ಡಬ್ಬಿಗೆ ಹಾಕಿ, ಎದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅವಳ ಸ್ಟೂಲಿನ ಮೇಲೆ ಕೂತು ಗುಂಡಿಯ ಮೇಲೆ ಬೆರಳಿಟ್ಟೆ.

“ಮೊದಲು ಏನು ಹೇಳ್ಬೇಕು?” ತೂತಿನಿಂದ ದನಿ ಬಂತು.

ಯಾವ ವಿಜೆಯಾದರೂ ಕಂತಿನ ಶುರುವಿನಲ್ಲಿ ತನ್ನ ಹೆಸರು ಕೂಗುತ್ತಾನೆ. ಸಿನಿಮಾ ಯಾರದೇ ಇರಲಿ, ನಟರು ಯಾರೇ ಇರಲಿ, ಆ ಕೂಗಿನಿಂದ ಅದು ಅವನದಾಗುತ್ತದೆ. ಇಷ್ಟು ವರ್ಷ ಈ ಗೂಡಿನಿಂದ ಹೋದ ಎಲ್ಲದರ ಮೇಲೂ ಇದ್ದದ್ದು ನನ್ನ ಹೆಸರು.

“ಹೆಸರು ಹೇಳ್ಬೇಕು,” ಎಂದೆ.

“ಯಾರದು?”

 ಯಂತ್ರ ಮೊರೆಯುತ್ತಿತ್ತು. “ಮಾತಾಡೋರದ್ದು,” ಎಂದೆ, ದಾರ ಎಳೆದೆ.

“ಕೇಳ್ರಪ್ಪ, ಇದು ವಿಜೆ ನಬ್ಬೋಸ,” ಎಂದು ಅವಳು ಕೂಗಿದಳು. ಅವಳ ಗಂಟಲಲ್ಲಿ ಅಷ್ಟು ದೊಡ್ಡ ದನಿ ಇದೆಯೆಂದು ನನಗೆ ಗೊತ್ತಿರಲಿಲ್ಲ. ಆಮೇಲೆ ನಾನು ತೂತಿನಿಂದ ಸಾಲು ಹೇಳಿದ ಹಾಗೆಲ್ಲ ಚಿಕ್ಕಮ್ಮನಾದಳು, ಆಮೇಲೆ ಮನೆಗೆಲಸದವಳು, ಆಮೇಲೆ ಬೋಸ್ಕೊನ ಮಾತನ್ನೂ ಅವಳೇ ಆಡಿದಳು, ನನ್ನನ್ನು ಒಳಗೆ ಕರೆಯಲೇ ಇಲ್ಲ. ಚೆನ್ನಾಗಿತ್ತು. ಕೆಲವು ಕಡೆ ನನಗಿಂತ ಚೆನ್ನಾಗಿತ್ತು. ಕೆಲವು ಕಡೆ ಎಂದೇ ಬರೆಯುತ್ತೇನೆ.

ಮುಗಿದ ಮೇಲೆ ಅವಳು ಅಡುಗೆಗೆ ಎದ್ದಳು. ಯಂತ್ರದ ಮುಂದೆ ನಾನೊಬ್ಬನೇ. ಶುರುವಿನ ಆ ಕೂಗನ್ನು ಕತ್ತರಿಸಿ ಎಸೆಯಲು ಈ ಪ್ರೊಸೆಸರಿಗೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಕತ್ತರಿಸಿದ್ದೇ ತಿಳಿಯದ ಹಾಗೆ ಕೂಡಿಸಿಯೂ ಕೊಡುತ್ತದೆ. ಕೂಗನ್ನು ಇನ್ನೊಮ್ಮೆ ಹಾಕಿ ಕೇಳಿದೆ. ಆಮೇಲೆ ಇದ್ದ ಹಾಗೇ ಕಳಿಸಿದೆ.

ಸಂಜೆ ಹಂದಿಮಾಂಸದ ಅಂಗಡಿಯ ಟೀವಿಯಲ್ಲಿ ಕೂಗು ಬಂತು. ಎಲ್ಲರೂ ನನ್ನ ಕಡೆ ತಿರುಗಿದರು.

“ಯಾರಯ್ಯ ಈ ನಬ್ಬೋಸ?” ಎಂದ ಮಾಲೀಕ.

“ನನ್ನ ಹೆಂಡತಿ.”

“ಹಾಗಾದ್ರೆ ನೀನೇನು ಮಾಡ್ತೀಯ?”

ಯಂತ್ರ ನೋಡಿಕೊಳ್ಳುತ್ತೇನೆ ಎಂದೆ.